ಕಮಲ ಬರೆದ ಬೋರ್ಡು, ಟೈಲರುಗಳು ಓದಿದ ತಾರೀಖು

ನಮ್ಮ ಟೈಲರ್ ಚಿಕ್ಕಬಸವಯ್ಯನವರ ಈ ದೊಡ್ಡ ಕತ್ತರಿ ಮುಟ್ಟಿ ಹೇಳುತ್ತೇನೆ, ಇದರಲ್ಲಿ ಒಂದು ಮಾತು ಸುಳ್ಳಾದರೂ ಇನ್ನು ಮುಂದೆ ನನ್ನ ಪ್ಯಾಂಟುಗಳಿಗೆಲ್ಲ ಒಂದು ಕಾಲು ಗಿಡ್ಡವಾಗಲಿ. ಕೂತುಕೊಳ್ಳಿ. ಆ ಸ್ಟೂಲು ಬೇಡ, ಅಲ್ಲಾಡುತ್ತದೆ. ಇಲ್ಲಿ, ರಸ್ತೆಯ ಕಡೆ ಮುಖ ಮಾಡಿ ಕೂತರೆ ಒಳ್ಳೇ ಗಾಳಿ ಬರುತ್ತದೆ. ನಿಮ್ಮ ಪ್ಯಾಂಟು ಎಲ್ಲಿಗೂ ಹೋಗುವುದಿಲ್ಲ. ಚೀಟಿಯಲ್ಲಿ ಇವತ್ತಿನ ತಾರೀಖು ಇದೆ ಅಂತ ಇವತ್ತೇ ಬಂದುಬಿಟ್ಟಿದ್ದೀರಿ. ಊರಿಗೆ ಹೊಸಬರು ಅಂತ ಅದರಿಂದಲೇ ಗೊತ್ತಾಯಿತು. ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ ಅಂದಿರಲ್ಲ, ಹಾಗಾದರೆ ಈ ಕಥೆ ನೀವೇ ಕೇಳಬೇಕಾದದ್ದು. ನಾನೂ ಸಾಫ್ಟ್‌ವೇರಿನವನೇ. ಹೆಸರು ವಿಶ್ವನಾಥ್.

ತೊಂಬತ್ತೆಂಟನೇ ಇಸವಿಯಲ್ಲಿ ಮೇಟಗಳ್ಳಿಯ ಒಂದು ಕಾರ್ಖಾನೆಯವರು ಹಳೇ ಸಾಮಾನು ಹರಾಜು ಹಾಕಿದರು. ಹೊಲಿಗೆ ಮಿಷನ್ನು ಸಿಗಬಹುದು ಅಂತ ನಮ್ಮ ವಿದ್ಯಾರಣ್ಯಪುರಂ ಸುತ್ತಿನ ಟೈಲರುಗಳ ಸಂಘದವರು ಹೋಗಿ ಹನ್ನೊಂದು ಕಂಪ್ಯೂಟರು ಹೊತ್ತುಕೊಂಡು ಬಂದರು. ತಂದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಎರಡು ತಿಂಗಳು ಅದರ ಮೇಲೆ ಬ್ಲೌಸು ಮಡಚಿಟ್ಟರು. ಆಮೇಲೆ ಸಂಘದ ಅಧ್ಯಕ್ಷರು ನಮ್ಮ ಮನೆಗೆ ಬಂದರು. ಅಧ್ಯಕ್ಷರು ಅಂದರೆ ಇವರೇ, ಈಗ ನಿಮ್ಮ ಹಿಂದೆ ಕೂತು ಗುಂಡಿಗೆ ಕಾಜಾ ಹಾಕುತ್ತಿರುವ ಚಿಕ್ಕಬಸವಯ್ಯನವರು. ತಿರುಗಬೇಡಿ, ಅವರು ನಾಚಿಕೆ ಸ್ವಭಾವದವರು.

ನನ್ನ ಹೆಂಡತಿ ಕಮಲ ಕಂಪ್ಯೂಟರು ಕಲಿತವಳು. ಅವರಿಗಾಗಿ ‘ಅಳತೆ’ ಅನ್ನುವ ಸಾಫ್ಟ್‌ವೇರ್ ಬರೆದಳು. ಗಿರಾಕಿಯ ಹೆಸರು, ಎದೆ, ಸೊಂಟ, ತೋಳು ಹಾಕಿದರೆ ಚೀಟಿ ಅಚ್ಚಾಗಿ ಬರುತ್ತಿತ್ತು, ಎಲ್ಲ ಇಂಗ್ಲಿಷಿನಲ್ಲಿ. ಮೊದಲ ವಾರ ಸಿಹಿತಿಂಡಿ ಅಂಗಡಿಯ ಚಾಮಯ್ಯನವರ ಸೊಂಟ ನಲವತ್ತೆಂಟು ಅಂತ ಹಾಕಿದರೆ ಕಂಪ್ಯೂಟರು ‘ಇದು ತಪ್ಪು’ ಅಂದಿತು. ನಲವತ್ತರ ಮೇಲೆ ಸೊಂಟವಿರುವುದು ಕಮಲನಿಗೆ ಹೊಳೆದಿರಲಿಲ್ಲ, ಯಾಕೆಂದರೆ ಆಗ ನಾನು ಸಣ್ಣಗಿದ್ದೆ. ಚಾಮಯ್ಯ ನಮ್ಮ ಮನೆ ಬಾಗಿಲಿಗೆ ಬಂದು, “ನನ್ ಸೊಂಟ ತಪ್ಪು ಅನ್ನಕ್ಕೆ ಅದ್ಯಾರ್ರೀ?” ಅಂತ ಕೇಳಿದರು. ಆ ಸೊಂಟವನ್ನು ಅವಳು ಅವತ್ತೇ ಸರಿ ಮಾಡಿಕೊಟ್ಟಳು. ಅವರದ್ದಲ್ಲ, ಕಂಪ್ಯೂಟರಿನದ್ದು.

ಬರೆಯುವುದು ಅವಳ ಕೆಲಸ, ಟೈಲರುಗಳ ಜೊತೆ ಮಾತಾಡುವುದು ನನ್ನದು. ಅವರು ಏನು ಕೇಳಿದರೂ ನಾನು ಹೇಳುತ್ತಿದ್ದದ್ದು ಒಂದೇ ಮಾತು: “ಮುಂದಿನ ಸೋಮವಾರ ಆಗೋಗುತ್ತೆ.” ಯಾರಿಗೂ ಬೇಜಾರಾಗುತ್ತಿರಲಿಲ್ಲ. ಕಮಲನಿಗೂ ಬೇಜಾರಾಗಬಾರದು ಅಂತ ಅವಳಿಗೆ ಹೇಳುತ್ತಲೇ ಇರಲಿಲ್ಲ.

ಹೀಗಿರುವಾಗ ಮಾರನೇ ವರ್ಷ ಒಂದು ದಿನ ಶ್ರೀರಾಂಪುರದಿಂದ ನಮ್ಮ ಸಂಘದವರೇ ಆದ ಅಂಬುಜಮ್ಮ ಬಂದರು. ಹೆಂಗಸರ ಬಟ್ಟೆ ಹೊಲಿಯುವುದರಲ್ಲಿ ಅವರ ಸಮಕ್ಕೆ ಇನ್ನೊಬ್ಬರಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗೇಟು ಅಂದುಕೊಂಡು ನಮ್ಮ ಪಾರಿಜಾತದ ಗಿಡವನ್ನು ಎರಡು ಸಲ ತಳ್ಳಿ ನೋಡಿ ಒಳಗೆ ಬಂದರು.

“ಕಮಲ, ಕನ್ನಡ ಅಕ್ಷರ ಬಂತೇನಮ್ಮ? ಸೋಮವಾರ ಅಂದಿದ್ರು ನಿಮ್ಮ ಯಜಮಾನ್ರು.”

“ಯಾವ ಸೋಮವಾರ ಅಂಬುಜಮ್ನೋರೇ?”

“ಅದು ಗೊತ್ತಿಲ್ಲ ಕಣಮ್ಮ. ಹದಿನಾರು ಸೋಮವಾರ ಆಗೋಯ್ತು. ಉಪವಾಸ ಇದ್ದಿದ್ರೆ ವ್ರತದ ಪುಣ್ಯ ಆದ್ರೂ ಬರ್ತಿತ್ತು.”

ವಿಷಯ ಇಷ್ಟು. ಕಣ್ಣಿನ ಆಪರೇಷನ್ ಆದರೆ ಒಂದು ತಿಂಗಳು ಅವರು ಅಂಗಡಿಗೆ ಬರುವಂತಿಲ್ಲ. ಅಂಗಡಿಯಲ್ಲಿ ಜೊತೆಗೆ ಹೊಲಿಯುತ್ತಿದ್ದ ತಿಮ್ಮಮ್ಮನಿಗೆ ಕೆಲಸವೆಲ್ಲ ಬರುತ್ತಿತ್ತು, ಆದರೆ ಓದಲು ಕನ್ನಡ ಮಾತ್ರ. ಚೀಟಿ ಕನ್ನಡದಲ್ಲಿ ಬಂದರೆ ತಿಮ್ಮಮ್ಮ ಅಂಗಡಿ ನಡೆಸುತ್ತಾಳೆ, ಇಲ್ಲದಿದ್ದರೆ ಬೀಗ. ಅದಕ್ಕೇ ನನ್ನ ಸೋಮವಾರಗಳನ್ನು ನಂಬಿಕೊಂಡು ಆಪರೇಷನ್ನನ್ನು ಎರಡು ಸಲ ಮುಂದಕ್ಕೆ ಹಾಕಿದ್ದರು. ಇನ್ನೂ ತಡವಾದರೆ ಕಷ್ಟ ಅಂತ ಡಾಕ್ಟರು ಗದರಿದ್ದರಂತೆ.

ಅವರು ಹೋದ ಮೇಲೆ ಕಮಲ ನನ್ನನ್ನೇ ನೋಡಿದಳು. “ರೀ, ಕನ್ನಡ ಅಕ್ಷರ ಬೇಕು ಅಂತ ನಂಗೆ ಹೇಳೇ ಇಲ್ವಲ್ಲ?”

“ಹೇಳೋಣ ಅಂತಿದ್ದೆ.”

“ಯಾವಾಗ?”

“ಮುಂದಿನ ಸೋಮವಾರ.”

ಅವತ್ತು ರಾತ್ರಿ ನನಗೆ ಊಟಕ್ಕೆ ಏನು ಸಿಕ್ಕಿತು ಅನ್ನುವುದು ಈ ಕಥೆಗೆ ಬೇಡ.

ಮಾರನೇ ದಿನ ಅವಳು ಒಂದು ಶಾಲೆಯವರು ಎಸೆದಿದ್ದ ಕರಿ ಹಲಗೆಯನ್ನು ತರಿಸಿ ಕಾಂಪೌಂಡಿನ ಗೋಡೆಗೆ, ರಸ್ತೆಗೆ ಕಾಣುವಂತೆ ಹೊಡೆಸಿದಳು. ಟೈಲರುಗಳ ಸೀಮೆಸುಣ್ಣದಿಂದ ನಾಲ್ಕು ಕಾಲಂ ಎಳೆದಳು. ಆಗಿದೆ. ಈಗ ಮಾಡುತ್ತಿರುವುದು. ಆಮೇಲೆ. ಆಗಲ್ಲ. ಸಾಫ್ಟ್‌ವೇರಿನಲ್ಲಿ ಮುಂದೆ ಬರುವುದೇನು, ಯಾವಾಗ, ಎಲ್ಲ ಅದರಲ್ಲಿ. ನೀವು ಇದಕ್ಕೆ ರೋಡ್‌ಮ್ಯಾಪ್ ಅನ್ನುತ್ತೀರಂತೆ, ಗಿರಾಕಿಗಳಿಗೆ ಕಾಣದ ಹಾಗೆ ಬೀರುವಿನಲ್ಲಿ ಇಡುತ್ತೀರಂತೆ. ನನಗೂ ಹಾಗೇ ಇಡಬೇಕು ಅನ್ನಿಸಿತು.

“ಎಲ್ಲಾ ಎಲ್ರಿಗೂ ಗೊತ್ತಾಗ್ಬುಡುತ್ತಲ್ಲೇ.”

“ಗೊತ್ತಾಗ್ಲಿ.”

“ಆ ‘ಆಗಲ್ಲ’ ಅನ್ನೋದನ್ನಾದ್ರೂ ಅಳಿಸು ಕಣೇ. ಒಬ್ರೂ ಉಳಿಯಲ್ಲ.”

“ನೀವು ಆಗಲ್ಲ ಅಂತ ಒಂದ್ಸಲ ಹೇಳಿದ್ದಿದ್ರೆ ಆಯಮ್ಮ ಇಷ್ಟೊತ್ತಿಗೆ ಕಣ್ಣು ಮಾಡಿಸ್ಕೋತಿದ್ರು.”

ನಾನು ಸೀಮೆಸುಣ್ಣದ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತೆ.

‘ಆಗಲ್ಲ’ ಕಾಲಂನಲ್ಲಿ ಮೊದಲು ಬರೆದದ್ದು, ನಾನು ಚಿಕ್ಕಬಸವಯ್ಯನವರಿಗೆ ಒಪ್ಪಿಕೊಂಡಿದ್ದ ಕೆಲಸ: ಗಿರಾಕಿ ಫೋನ್ ಮಾಡಿದರೆ ‘ಟೈಲರು ಊರಲ್ಲಿಲ್ಲ’ ಅಂತ ಕಂಪ್ಯೂಟರೇ ಹೇಳಬೇಕು. ಬೋರ್ಡು ನೋಡಲು ಜನ ಸೇರತೊಡಗಿದರು. ಸಿಟಿ ಬಸ್ಸಿನ ಡ್ರೈವರು ನಮ್ಮ ಮನೆ ಮುಂದೆ ಗಾಡಿ ನಿಧಾನ ಮಾಡುತ್ತಿದ್ದ, ಕಂಡಕ್ಟರು ಕಿಟಕಿಯಿಂದ ಓದಿ ಹೇಳುತ್ತಿದ್ದ, ಹಿಂದಿನ ಸೀಟಿನವರು ‘ಜೇಬಿನ ಅಳತೆ ಬಂತಾ?’ ಅಂತ ಕೇಳುತ್ತಿದ್ದರು. ಒಂದು ಮಧ್ಯಾಹ್ನ ಯಾರದೋ ಹಸು ಬಂದು ‘ಆಮೇಲೆ’ ಕಾಲಂನ ಅರ್ಧವನ್ನು ನೆಕ್ಕಿಬಿಟ್ಟಿತು. ಅಷ್ಟು ಕೆಲಸ ಕಡಿಮೆಯಾಯಿತು ಅಂತ ನಾನು ಸಂತೋಷಪಟ್ಟೆ. ಕಮಲ ಎಲ್ಲವನ್ನೂ ಮತ್ತೆ ಬರೆದು, ಕೆಳಗೆ ‘ಮಧ್ಯೆ ಹಸು ನೆಕ್ಕಿತ್ತು’ ಅಂತಲೂ ಸೇರಿಸಿದಳು. ಅಂಥ ಹೆಂಗಸು.

ಟೈಲರುಗಳಲ್ಲಿ ಒಂದು ಪದ್ಧತಿಯಿದೆ, ನೋಡಿರುತ್ತೀರಿ. ಗಿರಾಕಿಯ ಬಟ್ಟೆಯಿಂದ ಒಂದು ಚೂರು ಕತ್ತರಿಸಿ ಚೀಟಿಗೆ ಚುಚ್ಚಿಡುತ್ತಾರೆ, ಯಾರದು ಯಾವುದು ಅಂತ ತಪ್ಪಬಾರದಲ್ಲ. ಹನ್ನೊಂದು ಜನವೂ ಬೋರ್ಡಿನ ಮೇಲೆ ಹಾಗೇ ಮಾಡಿದರು. ತಮಗೆ ಬೇಕಾದದ್ದರ ಪಕ್ಕ ತಮ್ಮ ಅಂಗಡಿಯದೊಂದು ಬಟ್ಟೆಯ ಚೂರು ಚುಚ್ಚಿದರು. ಹಲಗೆಗೆ ಗೆದ್ದಲು ಹಿಡಿದಿದ್ದರಿಂದ ಗುಂಡುಸೂಜಿ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತಿತ್ತು. ಚೀಟಿಯಲ್ಲಿ ‘ಕಾಲರಿನ ಚಿತ್ರ’ ಬರಬೇಕು ಅನ್ನುವುದರ ಪಕ್ಕ ಹತ್ತು ಚೂರು. ‘ಕನ್ನಡ ಅಕ್ಷರ’ದ ಪಕ್ಕ ಒಂದೇ ಒಂದು, ಗಿಳಿ ಹಸಿರು.

ಚಿಕ್ಕಬಸವಯ್ಯನವರು ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು. “ಈ ಹಸ್ರು ಯಾರ್ದು ತಾಯಿ?”

ಕಮಲ ಅಂಬುಜಮ್ಮನ ಕಣ್ಣಿನ ವಿಷಯ ಹೇಳಿದಳು. ಚಿಕ್ಕಬಸವಯ್ಯನವರು ತಮ್ಮ ಚೂರನ್ನು ಕಿತ್ತು ಹಸಿರಿನ ಪಕ್ಕ ಚುಚ್ಚಿದರು. “ಕಾಲರ್ ಚಿತ್ರ ಬರೋಗಂಟ ನಾನು ಕಣ್ಣಲ್ಲೇ ಅಳೀತೀನಿ ಬುಡಿ. ಆಯಮ್ಮ ಯಾವ್ದ್ರಲ್ಲಿ ಅಳೀಬೇಕು?”

ಸಂಜೆಯ ಹೊತ್ತಿಗೆ ಹನ್ನೊಂದೂ ಅಲ್ಲೇ ಇದ್ದವು. ಬೋರ್ಡಿನ ಆ ಮೂಲೆ ಕೌದಿಯ ಹಾಗೆ ಕಾಣುತ್ತಿತ್ತು. ಕಮಲ ‘ಕನ್ನಡ ಅಕ್ಷರ’ವನ್ನು ‘ಈಗ ಮಾಡುತ್ತಿರುವುದು’ ಕಾಲಂಗೆ ತಂದು, ಎಲ್ಲರ ಎದುರಿಗೆ ತಾರೀಖು ಬರೆದಳು: ಆಗಸ್ಟ್ ೨೮, ಶನಿವಾರ. ಟೈಲರುಗಳು ತಲೆ ಆಡಿಸಿ ಹೋದರು.

ಆ ಶನಿವಾರದವರೆಗೆ ಅನ್ನ ಸಾರು ಮಾಡಿದವನು ನಾನು. ಶುಕ್ರವಾರವೇ ಕೆಲಸ ಮುಗಿಯಿತು. ಶನಿವಾರ ಬೆಳಿಗ್ಗೆ ಅವಳು ತಲೆಗೆ ಸ್ನಾನ ಮಾಡಿ, ಹನ್ನೊಂದು ಫ್ಲಾಪಿಗಳನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು, ಬಾಗಿಲು ತೆರೆದು ಕೂತಳು. ಹತ್ತಾಯಿತು, ಹನ್ನೆರಡಾಯಿತು, ಸಂಜೆಯಾಯಿತು. ಒಬ್ಬರೂ ಬರಲಿಲ್ಲ.

“ನಾನು ಸ್ಕೂಟ್ರಲ್ಲಿ ಹೋಗಿ ಕರ್ಕೊಂಬರ್ಲಾ?” ಅಂದೆ.

“ಬೇಡ. ನೀವು ಕರೆದ್ರೆ ಅದು ಹದಿನೇಳನೇ ಸೋಮವಾರ ಆಗುತ್ತೆ. ಬೋರ್ಡಲ್ಲಿದೆ. ನಂಬಿದೋರು ಬರ್ತಾರೆ.”

ಭಾನುವಾರವೂ ಇಲ್ಲ, ಸೋಮವಾರವೂ ಇಲ್ಲ. ಮಂಗಳವಾರದಿಂದ ಅವಳು ತಟ್ಟೆಯ ಕಡೆ ನೋಡುವುದನ್ನು ಬಿಟ್ಟಳು. ಗುರುವಾರ, “ನಿಮ್ಮ ಮಾತೇ ಸರಿ ಕಣ್ರೀ. ನಿಜ ಹೇಳಿದ್ರೆ ಒಬ್ರೂ ಉಳಿಯಲ್ಲ,” ಅಂದು ಬೋರ್ಡು ಒರೆಸಲು ಒದ್ದೆ ಬಟ್ಟೆ ಹುಡುಕಿದಳು. ಮದುವೆಯಾಗಿ ಹದಿಮೂರು ವರ್ಷಕ್ಕೆ ಮೊದಲ ಸಲ ನನ್ನ ಮಾತು ಸರಿ ಅಂದಿದ್ದಳು. ನನಗೆ ಅದು ಸ್ವಲ್ಪವೂ ಚೆನ್ನಾಗಿರಲಿಲ್ಲ.

“ಎಲ್ರೀ ಒರೆಸೋ ಬಟ್ಟೆ?”

“ಹಸು ತಿಂತು,” ಅಂದೆ. ಅದು ನನ್ನ ಶರ್ಟಿನೊಳಗಿತ್ತು. ಹೊಟ್ಟೆಯೆಲ್ಲ ಒದ್ದೆ.

ಅವಳು ನನ್ನ ಹೊಟ್ಟೆಯನ್ನು ನೋಡಿದಳು. ಒಳಗೆ ಹೋಗಿ ಕಾಫಿ ಇಟ್ಟಳು, ಇಬ್ಬರಿಗೂ.

ಶನಿವಾರ, ಸೆಪ್ಟೆಂಬರ್ ನಾಲ್ಕು, ಬೆಳಿಗ್ಗೆ ಎಂಟಕ್ಕೆ ಗೇಟಿನ ಸದ್ದಾಯಿತು. ಹನ್ನೊಂದು ಜನವೂ ಒಟ್ಟಿಗೆ. ಮುಂದೆ ಚಿಕ್ಕಬಸವಯ್ಯನವರು, ತಿಮ್ಮಮ್ಮನ ತೋಳು ಹಿಡಿದು ಅಂಬುಜಮ್ಮ.

“ಆಯ್ತೇನಮ್ಮ ಕಮಲ?”

“ಆಗಿ ಒಂದು ವಾರ ಆಯ್ತು,” ಅಂದಳು ಕಮಲ. “ಬೋರ್ಡಲ್ಲಿ ಇಪ್ಪತ್ತೆಂಟು ಅಂತ ಬರೆದಿದ್ನಲ್ಲ, ಯಾಕೆ ಯಾರೂ ಬರ್ಲಿಲ್ಲ?”

ಟೈಲರುಗಳು ಮುಖ ಮುಖ ನೋಡಿಕೊಂಡರು. ಚಿಕ್ಕಬಸವಯ್ಯನವರು ಮೆತ್ತಗೆ ಕೇಳಿದರು, “ಇಪ್ಪತ್ತೆಂಟು ಅಂದ್ರೆ ಇಪ್ಪತ್ತೆಂಟೇನಾ?”

“ಮತ್ತಿನ್ನೇನು?”

“ನಾವು ಚೀಟೀಲಿ ಇಪ್ಪತ್ತೆಂಟು ಅಂತ ಬರದ್ರೆ ಮುಂದಿನ್ ತಿಂಗ್ಳು ನಾಕು ಅಂತ ಅರ್ಥ ತಾಯಿ. ಒಂದು ವಾರ ಒಳಗೆ ಮಡಚಿರ್ತೀವಿ, ಬಟ್ಟೆಗೆ ಎಚ್ಚಿಗೆ ಬುಡ್ತೀವಲ್ಲ ಅಂಗೆ. ಮದ್ಲೇ ಬಂದು ನಿಂತ್ರೆ ಕೆಲ್ಸ ಮಾಡೋರಿಗೆ ಅವಮಾನ ಅಲ್ವಾ?”

“ಅದಕ್ಕೇ ಡಾಕ್ಟ್ರಿಗೆ ಆರನೇ ತಾರೀಖು ಅಂತ ಹೇಳ್ಬಿಟ್ಟಿದೀನಿ,” ಅಂದರು ಅಂಬುಜಮ್ಮ. “ಬೋರ್ಡಲ್ಲಿ ತಾರೀಖು ಬರೆದ ದಿನಾನೇ ಹೇಳಿದೆ. ಈ ಸಲ ನಂಬಿದ್ದೆ ಕಣೇ.”

ಕಮಲ ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ, ಸೆರಗು ಅಡ್ಡವಿತ್ತು. ಅವತ್ತು ಮಧ್ಯಾಹ್ನವೇ ತಿಮ್ಮಮ್ಮ ಮೊದಲ ಕನ್ನಡ ಚೀಟಿಯನ್ನು ಗಟ್ಟಿಯಾಗಿ ಓದಿದಳು. “ಎದೆ ಮೂವತ್ತಾರು, ತೋಳು ಒಂಬತ್ತು, ಬೆನ್ನಿಗೆ ದಾರ ಬೇಡ.” ಶ್ರೀರಾಂಪುರದ ಆ ಬೀದಿಯವರೆಲ್ಲ ಬಂದು ಕೇಳಿಸಿಕೊಂಡರು. ಯಾರ ಬ್ಲೌಸು ಅಂತ ಮಾತ್ರ ಅವಳು ಹೇಳಲಿಲ್ಲ.

ಸೋಮವಾರ ಆಪರೇಷನ್ ಆಯಿತು. ನನ್ನ ಸೋಮವಾರಗಳಲ್ಲಿ ನಿಜವಾದದ್ದು ಅದೊಂದೇ. ತಿಂಗಳಾದ ಮೇಲೆ ಅಂಬುಜಮ್ಮ ಗಿಡವನ್ನು ಬಿಟ್ಟು ಗೇಟನ್ನೇ ತಳ್ಳಿಕೊಂಡು ಬಂದರು. ಬೋರ್ಡನ್ನು ಮೇಲಿಂದ ಕೆಳಗೆ ಓದಿದರು. ಆಮೇಲೆ ನನ್ನನ್ನು ಚೆನ್ನಾಗಿ ನೋಡಿದರು.

“ಇದೇನಾ ವಿಶ್ವನಾಥಪ್ಪ ನಿಮ್ಮ ಮುಖ? ಆಗ ಸರಿಯಾಗಿ ಕಾಣ್ತಿರ್ಲಿಲ್ಲ ನೋಡಿ. ಅದಕ್ಕೇ ನಂಬ್ತಿದ್ದೆ.”

ಅಲ್ಲಿಂದಾಚೆಗೆ ಹನ್ನೊಂದು ಅಂಗಡಿಯಲ್ಲೂ ಒಂದೊಂದು ಬೋರ್ಡು ಬಂತು. ಚೀಟಿಯಲ್ಲಿ ಬರೆಯುವುದು ಟೈಲರ್ ತಾರೀಖು, ಅದು ಅಭ್ಯಾಸ, ಬಿಡುವುದಕ್ಕಾಗುವುದಿಲ್ಲ. ಬೋರ್ಡಿನಲ್ಲಿ ಬರೆಯುವುದು ಕಮಲನ ತಾರೀಖು. ಅದನ್ನು ಕಣ್ಣು ಮುಚ್ಚಿ ನಂಬಬಹುದು. ಇಲ್ಲೂ ಇದೆ, ನಿಮ್ಮ ಹಿಂದಿನ ಗೋಡೆಗೆ. ನೋಡಲೇಬೇಕಾ? ಸರಿ ನೋಡಿ. ಹೌದು, ‘ಆಮೇಲೆ’ ಕಾಲಂನಲ್ಲಿರುವ ಆ ಬೂದು ಬಣ್ಣದ ಚೂರು ನಿಮ್ಮ ಪ್ಯಾಂಟಿನದೇ. ಮುಂದಿನ ಶುಕ್ರವಾರ ಅಂತಿದೆಯಲ್ಲ, ಅದೇ ನಿಜ. ಚಿಕ್ಕಬಸವಯ್ಯನವರು ಈಗ ಹೊಲಿಯುತ್ತಿರುವುದು ಚಾಮಯ್ಯನವರದು, ಸೊಂಟ ಈಗ ಐವತ್ತೆರಡು, ಸುತ್ತಿ ಬರುವುದಕ್ಕೇ ಹೊತ್ತಾಗುತ್ತದೆ. ಚಪ್ಪಲಿ ಯಾಕೆ ಹಾಕಿಕೊಳ್ಳುತ್ತಿದ್ದೀರಿ, ಆ ಹಸು ಎರಡನೇ ಸಲ ಬಂದದ್ದನ್ನು ಹೇಳಲೇ ಇಲ್ಲವಲ್ಲ, ಆಗ ಕಮಲ ಅದರ ಕೊರಳಿಗೆ ಒಂದು... ಅರೆ, ಹೊರಟೇಬಿಟ್ಟಿರಾ? ಶುಕ್ರವಾರ ಬನ್ನಿ, ಉಳಿದದ್ದು ಆಗ ಹೇಳುತ್ತೇನೆ.