ಹಿರಾನೊ ಅವರ ಮೂಗು

ಸ್ಯಾನ್ ಪೀಡ್ರೊ ಬಂದರಿಗೆ ಬರುವ ಜಪಾನಿನ ಸಾಮಾನಿಗೆ ಕಸ್ಟಮ್ಸ್ ಕಾಗದ ತಯಾರಿಸುವುದು ನನ್ನ ಕೆಲಸ. ಎರಡು ಸಾವಿರದ ಏಳರಲ್ಲಿ ನನ್ನ ಬಾಸ್ ಕರುಣಾಕರ ಅಂಕಲ್ ಮಾರಲು ಜಪಾನಿನ ಮಾಲ್ಟ್ ವಿಸ್ಕಿ ತರಿಸಿದರು. ಕರಪತ್ರ ಬರೆಯಲು ನನಗೇ ಹೇಳಿದರು. ಹೆಂಡದ ವಾಸನೆಯೂ ಗೊತ್ತಿಲ್ಲದ ನಾನು ಪಕ್ಕದ ಟೊರೆನ್ಸ್ ಊರಿನ ವೃದ್ಧ ಹಿರಾನೊ ಅವರನ್ನು ಕೇಳಿ ಬರೆದೆ. ನಲವತ್ತು ವರ್ಷ ಜಪಾನಿನ ಡಿಸ್ಟಿಲರಿಯಲ್ಲಿ ಪೀಪಾಯಿ ಮೂಸಿದವರು. ಮೂಗು ಕೆಡಬಾರದೆಂದು ಬೆಳ್ಳುಳ್ಳಿ ಬಿಟ್ಟವರು. ಅಲ್ಲಿನ ಡಿಸ್ಟಿಲರಿಗಳು ಬೆರೆಸಲಿಕ್ಕೆಂದು ಒಬ್ಬರ ವಿಸ್ಕಿ ಇನ್ನೊಬ್ಬರು ಕೊಳ್ಳುವುದಿಲ್ಲವಂತೆ. ಬೇಕಾದ ರುಚಿಯನ್ನೆಲ್ಲ ತಾವೇ ಬಗೆಬಗೆಯ ಹಂಡೆಗಳಲ್ಲಿ ಬಟ್ಟಿ ಇಳಿಸಿ, ಬಗೆಬಗೆಯ ಮರದ ಪೀಪಾಯಿಗಳಲ್ಲಿ ಮಾಗಿಸುತ್ತಾರಂತೆ. ಎಲ್ಲವನ್ನೂ ಕರಪತ್ರದಲ್ಲಿ ಹಿರಾನೊ ಅವರ ಹೆಸರಿನಲ್ಲೇ ಅಚ್ಚು ಹಾಕಿಸಿದೆವು.

ಆಮೇಲೆ ಸರಕಿನ ಕಾಗದ ಬಂತು. ಕೆನಡಾದಿಂದ ಟ್ಯಾಂಕಿನಲ್ಲಿ ಹೋದ ಮದ್ಯ ಜಪಾನಿನಲ್ಲಿ ಬಾಟಲಿಗೆ ಬಿದ್ದಿತ್ತು, ಅಷ್ಟೇ.

"ಬಾಟಲಿ ಜಪಾನಿದ್ದೇ ಅಲ್ವಾ ಮಾರಾಯ್ತಿ? ನೀನೆಂತ ಕುಡಿದು ನೋಡಿದ್ಯಾ?" ಎಂದು ಅಂಕಲ್ ನಕ್ಕರು. ನನ್ನ ಗ್ರೀನ್ ಕಾರ್ಡಿನ ಅರ್ಜಿ ಅವರ ಕೈಯಲ್ಲಿತ್ತು. ಮನೆಯಲ್ಲಿ ಇಬ್ಬರು ಮಕ್ಕಳು. ನಾನೂ ನಕ್ಕೆ. ಹಿರಾನೊ ಅವರಿಗೆ ತಿಳಿಸಲಿಲ್ಲ.

ರಾಂಚೊ ಬರ್ನಾರ್ಡೊದ ಇಂಜಿನಿಯರ್ ಅಪ್ಪಾಸಾಹೇಬರ ಮನೆಯಲ್ಲಿ ರುಚಿ ತೋರಿಸುವ ಪಾರ್ಟಿ. ಹಿರಾನೊ ಅವರನ್ನು ಎರಡು ಗಂಟೆ ಡ್ರೈವ್ ಮಾಡಿ ನಾನೇ ಕರೆದೊಯ್ದೆ. ಅಂಕಲ್ ಅವರನ್ನು ಬಾಟಲಿಗಳ ಪಕ್ಕ ಗೊಂಬೆಯಂತೆ ಕೂರಿಸಿದರು.

"ಏನ್ ವಾಸನಿ ರೀ! ಜಪಾನಿನ ಕಾಡಾಗ ನಿಂತಂಗಾತು!" ಕರಪತ್ರ ಓದುತ್ತ ಅಪ್ಪಾಸಾಹೇಬರು ಗ್ಲಾಸಿಗೆ ಕೋಲಾ ಸುರಿದರು. ಬಾಯಲ್ಲಿ ಮಿರ್ಚಿ ಭಜಿ.

ಹಿರಾನೊ ತಮ್ಮ ಗ್ಲಾಸು ಮೂಸಿದರು. ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು ಮತ್ತೆ ಮೂಸಿದರು.

"ವಿನೋದಾ-ಸಾನ್, ಇದು ಎಲ್ಲಿಯದು? ನನ್ನ ಮೂಗು ಹೋಯಿತೇ?" ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ ತಡವರಿಸುತ್ತ ಕೇಳಿದರು.

"ಹೌದು ಅನ್ನು," ಅಂಕಲ್ ಕನ್ನಡದಲ್ಲಿ ಪಿಸುಗುಟ್ಟಿದರು. "ವಯಸ್ಸಾಯ್ತಲ್ಲ, ನಂಬ್ತದೆ ಮುದುಕ."

ನಾನು ಹಿರಾನೊ ಅವರ ಎದುರು ಹೋಗಿ ನಿಂತೆ.

"ಕೆನಡಾದ್ದು," ಎಂದೆ. "ನಿಮ್ಮ ಮೂಗು ಸರಿಯಾಗಿದೆ."

ಹಿರಾನೊ ಕಣ್ಣು ಮುಚ್ಚಿ ಉಸಿರು ಬಿಟ್ಟರು. ಎದ್ದು, ತಲೆಬಾಗಿ, ಒಬ್ಬೊಬ್ಬ ಅತಿಥಿಯ ಕೈಯಿಂದ ತಮ್ಮ ಹೆಸರಿದ್ದ ಕರಪತ್ರ ವಾಪಸು ಪಡೆಯತೊಡಗಿದರು.

"ಸೋಮವಾರದಿಂದ ಬರ್ಬೇಡ ನೀನು," ಎಂದರು ಅಂಕಲ್.

ಅಪ್ಪಾಸಾಹೇಬರು ಮಾತ್ರ ತಮ್ಮ ಪ್ರತಿ ಕೊಡಲಿಲ್ಲ. "ಇರ್ಲಿ ಬಿಡ್ರಿ, ಕೆನಡಾ ಆದ್ರೇನು, ಓದಾಕ ಚಂದ ಐತಿ," ಎಂದು ಅದರ ಮೇಲೆ ಎರಡು ಭಜಿ ಇಟ್ಟುಕೊಂಡರು. ನಾನು ಭಜಿಯನ್ನು ಮೇಜಿಗೆ ಕೊಡವಿ, ಎಣ್ಣೆ ಹತ್ತಿದ ಆ ಕಾಗದವನ್ನು ಹಿರಾನೊ ಅವರ ಕೈಗಿಟ್ಟೆ.