ಸಾಹೇಬರ ಪರವಾಗಿ ಮಾಡಿದ ಆಣೆ

ಆ ಸೀರೆ ತನ್ನದೇ — ಪಕ್ಕದ ಮನೆಯ ಟಿವಿಯಲ್ಲಿ, ಹಾರ ತುರಾಯಿಗಳ ಗದ್ದಲದ ಹಿಂದೆ, ಕಂಡು ಮರೆಯಾದ ಕೆಂಪು ಸೆರಗು, ಇಳಕಲ್ಲಿನಲ್ಲಿ ಕೆಂಪು ಸೆರಗಿಗೇನು ಬರ, ಆದರೂ ನೇಯ್ದವಳಿಗೆ ಗೊತ್ತಾಗದೆ ಇರುತ್ತದೆಯೇ, ಓಟಿಗೆ ನಿಂತು ಗೆದ್ದ ಸಾಹೇಬರ ಹೆಂಡತಿಗೆ ಉಡಿ ತುಂಬಿ ಕೊಟ್ಟ ಸೀರೆ ಅದು, ಅದನ್ನೇ ಉಟ್ಟು ಆಕೆ ಗಂಡನ ಜೊತೆ ಎದುರು ಪಕ್ಷದ ವೇದಿಕೆ ಹತ್ತಿ ನಗುತ್ತಿದ್ದಾಳೆ, ನಗಲಿ ಬಿಡು, ಗುರುಲಿಂಗವ್ವನ ಮಗ್ಗ ಮಾತ್ರ ಬೆಳಗಿನಿಂದ ಸುಮ್ಮನೆ ನಿಂತಿದೆ, ಸೀರೆಯ ಮೈಯ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಒಂದೊಂದಾಗಿ ಕೊಂಡಿ ಹಾಕಬೇಕು, ಅದಕ್ಕೆ ತನ್ನ ಕಣ್ಣು ಸಾಲದು, ವರ್ಷವಿಡೀ ಯಾರ್ಯಾರನ್ನೋ ಕರೆದು ಹಾಕಿಸಿದ್ದೆಲ್ಲ ಕಿತ್ತು ಬಂತು, ದಸ್ತಗೀರಬಿಯನ್ನೇ ಕರೆಯಬೇಕು, ಯಾವ ಮುಖ ಇಟ್ಟುಕೊಂಡು ಕರೆಯುವುದು. ಹೋದ ವರ್ಷ ಸಾಹೇಬರು ಓಟು ಕೇಳಲು ಬಂದವರು ಇದೇ ಪಡಸಾಲೆಯಲ್ಲಿ ಕೂತು ರೊಟ್ಟಿ, ಪುಂಡಿಪಲ್ಯ ಉಂಡರು, ಅವ್ವಾ, ನಾ ನಿನ್ನ ಮಗಾ ಅಂತ ತಿಳ್ಕೋ, ಅಷ್ಟಕ್ಕೇ ತಾನು ಹಿಗ್ಗಿ ಹೀರೇಕಾಯಿಯಾದಳು, ಓಣಿಯ ಹೆಂಗಸರನ್ನೆಲ್ಲ ಕೂಡಿಸಿ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಈ ಮನಷ್ಯಾ ಮಾತಿಗೆ ತಪ್ಪಂಗಿಲ್ಲ, ನನ್ನ ಲಿಂಗದಾಣಿ — ಥೂ, ಕಟ್ಟಿಕೊಂಡ ಗಂಡನ ಪರವಾಗಿಯೂ ಮಾಡದ ಆಣೆ. ದಸ್ತಗೀರಬಿ ಆಗ ಟಿವಿಯಲ್ಲಿ ಕಂಡ ಇದೇ ಸೀರೆಗೆ ಕಡೆಯ ಕೊಂಡಿಗಳನ್ನು ಹಾಕುತ್ತ ಕೂತಿದ್ದಳು, ಬೆರಳ ತುದಿಯಲ್ಲಿ ಎಳೆ ಹೊಸೆಯುತ್ತಲೇ, ಅಕ್ಕಾ, ಓಟು ಬೇಕಾದ್ರ ಹಾಕು, ಮಂದೀ ಸಲುವಾಗಿ ದೇವರ ಮ್ಯಾಲೆ ಆಣಿ ಮಾಡಬ್ಯಾಡ, ಅಷ್ಟೇ ಅಂದದ್ದು, ತಪ್ಪೇನಿತ್ತು, ಎಲ್ಲರ ಮುಂದೆ ಅಂದಳಲ್ಲ ಎಂದು ಮೈಯೆಲ್ಲ ಉರಿದುಹೋಯಿತು, ಏಳ್ ನೀ, ಇನ್ನ ಮ್ಯಾಲೆ ನಿನ್ನ ಕೈ ನನ್ನ ಮಗ್ಗಕ್ಕ ಹತ್ತೂದ ಬ್ಯಾಡ — ಇಪ್ಪತ್ತು ವರ್ಷ ದುಡಿದ ಕೈಗೆ ಹಾಗೆ ಅಂದೆನಲ್ಲ, ಅವಳು ಹಿಡಿದ ಎಳೆಯನ್ನು ಹಾಗೇ ಬಿಟ್ಟೇಳಲಿಲ್ಲ, ಆ ಒಂದು ಕೊಂಡಿ ಹಾಕಿ ಮುಗಿಸಿ, ಬೆರಳಲ್ಲಿ ಸವರಿ ನೋಡಿ, ಆಮೇಲೆ ಎದ್ದಳು.

ಓಣಿಯಲ್ಲಿ ಯಾರೂ ಏನೂ ಅನ್ನುವುದಿಲ್ಲ, ಬೈದಿದ್ದರಾದರೂ ಚೆನ್ನಾಗಿತ್ತು, ಕಟ್ಟೆಯ ಮೇಲಿನ ಹೆಂಗಸರು ಈಕೆ ಹಾಯ್ದುಹೋಗುವಾಗ ಮಾತು ನಿಲ್ಲಿಸುತ್ತಾರೆ, ಸೆರಗು ಮುಂದಕ್ಕೆಳೆದುಕೊಂಡು ನಾಲ್ಕು ಮನೆ ದಾಟಿ ದಸ್ತಗೀರಬಿಯ ಬಾಗಿಲು ಮುಟ್ಟುವುದು ಬಾದಾಮಿಗೆ ನಡೆದಷ್ಟು ದೂರವಾಯಿತು, ತಪ್ಪಾತವಾ ಅನ್ನಬೇಕು, ಮೊದಲು ಅದನ್ನೇ ಅನ್ನಬೇಕು, ಬಾಗಿಲು ತೆರೆದೇ ಇದೆ, ದಸ್ತಗೀರಬಿ ಖಾನಾವಳಿಯವರು ಕೊಟ್ಟ ಬೆಳ್ಳುಳ್ಳಿಯ ರಾಶಿ ಮುಂದಿಟ್ಟುಕೊಂಡು ಸುಲಿಯುತ್ತಿದ್ದಾಳೆ, ಬಾ ಅಕ್ಕಾ, ಕುಂಡರು, ಏನೂ ಆಗಿಯೇ ಇಲ್ಲವೆಂಬಂತೆ, ತಪ್ಪಾತು ಎನ್ನಲು ಬಾಯಿ ತೆರೆದರೆ ಹೊರಬಿದ್ದದ್ದು, ಕೊಂಡಿ ಹಾಕೂದೈತಿ, ಬರ್ತೀ ಏನ — ಛೀ, ಇಲ್ಲಿಯೂ ತನ್ನ ಕೆಲಸವೇ ಮುಂದೆ, ಬರ್ತಿದ್ನೆವಾ, ಯಾಕ ಬರೂದಿಲ್ಲ, ಅಂದಳು ದಸ್ತಗೀರಬಿ, ಆದರ ಈಗ ಆಗಂಗಿಲ್ಲ, ನೋಡಿಲ್ಲಿ, ವರ್ಷಾತು ಇದ ಕೆಲಸ, ರೇಷ್ಮಿ ಮುಟ್ಟಿದ್ರ ಸಾಕು, ಸಿಕ್ಕೊಂಡ ಹರೀತೈತಿ — ಎರಡೂ ಕೈ ಮುಂದೆ ಚಾಚಿದಳು, ಆಕೆಯ ಮುಖ ನೋಡಬೇಕು, ನೋಡಿ ಅನ್ನಬೇಕು, ಕಣ್ಣು ಮೇಲಕ್ಕೇಳುತ್ತಿಲ್ಲ, ಬೆಳ್ಳುಳ್ಳಿಯ ಖಾರಕ್ಕೆ ಸುಟ್ಟು, ಸೀಳಿ, ಸಿಪ್ಪೆ ಸಿಪ್ಪೆಯಾಗಿ ಎದ್ದ ಚರ್ಮ, ಹತ್ತೂ ಬೆರಳು, ಮಗ್ಗಕ್ಕೆ ಹತ್ತುವುದೇ ಬೇಡವೆಂದು ತಾನೇ ಅಂದ ಆ ಬೆರಳು —