ರಾತ್ರಿ ಇಳಿಯುವ ಮುಳ್ಳು

ಬೆಣ್ಣೆ ಕಟ್ಟುವ ಹೊತ್ತು. ಕಡಗೋಲಿನ ಸದ್ದು ದಪ್ಪಗಾಗುತ್ತ ಬಂದಿತ್ತು. ಇನ್ನೊಂದಿಷ್ಟು ಎಳೆದಿದ್ದರೆ ಬೆಣ್ಣೆ ಮೇಲೆ ತೇಲುತ್ತಿತ್ತು. ಅಷ್ಟರಲ್ಲಿ ಹಿತ್ತಲಿನಿಂದ ಜನಾರ್ದನನ ಕೂಗು ಬಂತು.

“ವೇದಾ, ಒಂದು ನಿಮಿಷ ಬಾರೇ. ಮೀಟರಿನ ಮುಳ್ಳು ನೋಡಬೇಕು.”

ಆ ಮನೆಯಲ್ಲಿ ಒಂದು ನಿಮಿಷ ಎಂದರೆ ಸಾರು ಸೀದುಹೋಗುವಷ್ಟು ಹೊತ್ತು. ವೇದಾವತಿ ಹಗ್ಗ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಸೊಂಟ ಚಳಕ್ ಎಂದಿತು. ಹಿತ್ತಲ ಬಾಗಿಲಿನ ಕಲ್ಲಿನ ಮೇಲೆ ಮಗಳು ಜಯಶೀಲಾ ಎರಡೂ ಕಾಲು ಚಾಚಿ ಕೂತಿದ್ದಳು. ಬಲಗಾಲು ಎಡಗಾಲಿಗಿಂತ ಸಣ್ಣ. ಬೆಳಿಗ್ಗೆ ಉಜ್ಜಿದ ಎಣ್ಣೆ ಇನ್ನೂ ಅದರ ಮೇಲೆ ಹೊಳೆಯುತ್ತಿತ್ತು.

ನಾಲ್ಕು ವರ್ಷದವಳಿದ್ದಾಗ ಬಂದ ಜ್ವರ ಆ ಕಾಲಿನ ಶಕ್ತಿಯನ್ನು ತೆಗೆದುಕೊಂಡು ಹೋಗಿತ್ತು. ಓದು ಶುರುವಾದಂದಿನಿಂದ ಮಗಳನ್ನು ಸೊಂಟದ ಮೇಲೆ ಹೊತ್ತು, ಭದ್ರಾವತಿಯ ಕಾರ್ಖಾನೆ ವಠಾರದ ಪ್ರೈಮರಿ ಸ್ಕೂಲಿಗೆ ಬಿಟ್ಟು ಬರುವುದು ವೇದಾವತಿಯ ಕೆಲಸ. ಈಗ ಹುಡುಗಿ ಅಲ್ಲಿಯ ಓದು ಮುಗಿಸಿದ್ದಳು. ಮಿಡಲ್ ಸ್ಕೂಲು ಇರುವುದು ಹೊಳೆಯ ಆಚೆ, ಹಳೇ ಪೇಟೆಯಲ್ಲಿ. ಹತ್ತು ವರ್ಷದ ಹುಡುಗಿಯನ್ನು ಹೊತ್ತು ದಿನಾ ಸೇತುವೆ ದಾಟುವುದು ತನ್ನಿಂದಾಗದು ಎಂದು ಸೊಂಟ ಆಗಲೇ ಹೇಳಿಬಿಟ್ಟಿತ್ತು.

ಚಳಿಗಾಲದಲ್ಲಿ ಶಿವಮೊಗ್ಗೆಯ ಡಾಕ್ಟರಿಗೆ ತೋರಿಸಿದ್ದರು. ಅವರು ಮಗಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಗಂಡಹೆಂಡಿರನ್ನು ಒಳಗೆ ಕರೆದು, “ಈ ಕಾಲಿಗೆ ಇನ್ನು ಬಲ ಬರೋಲ್ಲ. ಸುಮ್ನೆ ಊರೂರು ಅಲೀಬೇಡಿ” ಎಂದಿದ್ದರು. ಮುಂದಿನ ಭಾನುವಾರ, ಕಾರ್ಖಾನೆಯ ಎಲೆಕ್ಟ್ರಿಕ್ ಖಾತೆಯಲ್ಲಿದ್ದ ಜನಾರ್ದನ ಮಗಳನ್ನು ಸ್ಕೂಲಿಗೆ ಬಿಡಲು ಕಾರು ಕಟ್ಟುತ್ತೇನೆಂದು ಎಲ್ಲಿಂದಲೋ ಒಂದು ತುಕ್ಕು ಹಿಡಿದ ಚಾಸಿಯನ್ನು ಎತ್ತಿನಗಾಡಿಯಲ್ಲಿ ಹೇರಿಕೊಂಡು ಬಂದ. ವೇದಾವತಿ ಎಂದಿನಂತೆ ಕಾಲಿಗೆ ಎಣ್ಣೆ ಉಜ್ಜಿದಳು. ಡಾಕ್ಟರು ಹೇಳಿದ್ದನ್ನು ಮಗಳಿಗೆ ಇಬ್ಬರೂ ಹೇಳಲಿಲ್ಲ. ಅವಳು ಕಾಲಿನ ವಿಷಯ ಕೇಳಲು ಬಾಯಿ ತೆರೆದಳು ಎನ್ನಿಸಿದಾಗೆಲ್ಲ ತಾಯಿ ಒಲೆಯ ಮೇಲಿನ ಹಾಲು ನೆನಪಾದವಳಂತೆ ಎದ್ದುಹೋಗುತ್ತಿದ್ದಳು.

ಮರಕ್ಕೆ ಗುದ್ದಿ ಮೂಲೆ ಸೇರಿದ್ದ ಕಾರೊಂದರ ಇಂಜಿನ್ನು ಚಾಸಿಯ ಮೇಲೆ ಬಂದು ಕೂತಿತು. ಶಿವಮೊಗ್ಗೆಯ ಗುಜರಿಯಿಂದ ಡೈನಮೋ ಬಂತು. ಮತ್ತಿ ಮರದ ಮೈ ಕಟ್ಟಿದ್ದಾಯಿತು. ಎಲ್ಲ ಸರಿ, ಬ್ಯಾಟರಿಯೊಂದು ಬಿಟ್ಟು. ಸಂಜೆ ಕರೆಂಟು ತುಂಬಿಸಿಟ್ಟರೆ ಬೆಳಗಾಗುವಷ್ಟರಲ್ಲಿ ಖಾಲಿ.

“ಎಲ್ಲಿದೆ ಮುಳ್ಳು?” ಕಾರಿನ ಅಡಿಯಿಂದ ಜನಾರ್ದನ ಕೇಳಿದ.

ವೇದಾವತಿ ಬಗ್ಗಿ ಮೀಟರು ನೋಡಿದಳು. “ನಿನ್ನೆ ಎಲ್ಲಿತ್ತೋ ಅಲ್ಲೇ ಬಿದ್ಕೊಂಡಿದೆ. ಅದಕ್ಕೂ ನನ್ನ ಹಾಗೇ ಸೊಂಟ ನೋವಿರಬೇಕು.”

“ತಮಾಷೆ ಬೇಡ. ರಾತ್ರಿ ಒಂದೂ ವೈರು ಬಿಡದೆ ಎಲ್ಲಾ ಬಿಚ್ಚಿಟ್ಟಿದ್ದೆ. ಕರೆಂಟು ಹೋಗೋಕೆ ದಾರಿನೇ ಇಲ್ಲ. ಆದ್ರೂ ಇಳಿದಿದೆ ಅಂದ್ರೆ?”

ಬೇಲಿಯಾಚೆಯಿಂದ ಪಕ್ಕದ ಮನೆಯ ಕರಿಯಣ್ಣ ಇಣುಕಿದ. ಕಾರ್ಖಾನೆಯಲ್ಲಿ ಕ್ರೇನು ನಡೆಸುವ ಆಳು. ದಿನಾ ಕಾರು ತಳ್ಳಿಕೊಡುವವನೂ ಅವನೇ.

“ಸ್ವಾಮೀ, ಈ ಗಾಡಿಗೆ ಪೆಟ್ರೋಲ್ ಬ್ಯಾಡ, ಬ್ಯಾಟ್ರಿನೂ ಬ್ಯಾಡ. ನಾನು ತಿಂದ ಮುದ್ದೆ ಮ್ಯಾಲೇ ಓಡ್ತಾ ಐತೆ. ಇವತ್ತೂ ತಳ್ಳಾದೇನಾ?”

“ಬೇಡ ಮಾರಾಯ, ಇವತ್ತು ನೀನು ಬೆಟ್ಟ ಹತ್ತಿಸಿದ್ರೂ ಸ್ಟಾರ್ಟ್ ಆಗೋಲ್ಲ.”

“ಹಂಗಾರೆ ಒಂದು ಎತ್ತು ಕಟ್ರಿ. ಎಣ್ಣೆ ಗಾಣನಾದ್ರೂ ಆಯ್ತದೆ” ಎಂದು ನಗುತ್ತ ಅವನು ಕೆಲಸಕ್ಕೆ ಹೋದ. ಜಯಶೀಲಾ ಕಿಸಕ್ಕೆಂದಳು. ಜನಾರ್ದನನಿಗೆ ನಗು ಬರಲಿಲ್ಲ. ಸ್ಕೂಲು ತೆರೆಯುವ ದಿನ ಹತ್ತಿರ ಬಂದಿತ್ತು. ಮಗು ಮನೆಯಲ್ಲೇ ಉಳಿದುಬಿಡುತ್ತದೇನೋ ಎಂಬ ಹೆದರಿಕೆ ಇಬ್ಬರ ಮುಖದಲ್ಲೂ ಇತ್ತು.

ಅವನು ಬ್ಯಾಟರಿಯೊಳಗಿನ ಮೂರು ಮನೆಗಳನ್ನೂ, ಎಂದರೆ ಸೆಲ್ಲುಗಳನ್ನೂ, ಬೇರೆಬೇರೆಯಾಗಿ ಅಳೆದ. ಒಳಗೆ ತಗಡು ಮುರಿದಿದ್ದರೆ ಒಂದು ಮನೆಯಲ್ಲಿ ಮಾತ್ರ ಮುಳ್ಳು ಇಳಿಯಬೇಕು. ಇಲ್ಲಿ ಮೂರೂ ಒಂದೇ ಸಮನೆ ಇಳಿದಿದ್ದವು, ಮಾತಾಡಿಕೊಂಡ ಹಾಗೆ. ಅವನು ಕಲ್ಲಿನ ಮೇಲೆ ಕುಕ್ಕರಿಸಿ ತಲೆ ಹಿಡಿದುಕೊಂಡ.

ವೇದಾವತಿ ಒಳಗೆ ಹೋಗಿ ನೋಡಿದರೆ ಮಜ್ಜಿಗೆ ಬೆಚ್ಚಗಾಗಿ ಬೆಣ್ಣೆ ಕಲಸಿಹೋಗಿತ್ತು. ಅಳುವಷ್ಟೂ ತ್ರಾಣವಿರಲಿಲ್ಲ. ತಣ್ಣೀರು ಹೊಯ್ದು ಮತ್ತೆ ಕಡೆಯಲು ಕೂತಳು. ಬಾಗಿಲಿನಿಂದಲೇ ಗಂಡ ಮತ್ತದೇ ಮಾತು ತೆಗೆದ:

“ಒಂದು ಕೆಟ್ಟಿದ್ರೆ ಅರ್ಥ ಆಗ್ತಿತ್ತು. ಮೂರೂ ಹೇಗೆ ಕೆಡತ್ತೆ ವೇದಾ?”

“ನನ್ನನ್ನೇನು ಕೇಳ್ತೀರಿ? ಒಂದು ಮಡಕೆ ಮೊಸರು ಕೆಟ್ರೆ ಮಡಕೆ ತಪ್ಪು. ಮೂರು ಮಡಕೆನೂ ಕೆಟ್ರೆ ಹೆಪ್ಪಿನ ತಪ್ಪು” ಎಂದಳು ಬೇಸರದಲ್ಲಿ.

ಜನಾರ್ದನ ತಲೆ ಎತ್ತಿದ. “ಹೆಪ್ಪು ಅಂದ್ರೆ ಒಳಗೆ ಹಾಕಿದ್ದು. ಆಸಿಡ್ಡು, ನೀರು, ಎರಡೇ. ಆಸಿಡ್ಡು ಕಾರ್ಖಾನೆ ಬ್ಯಾಟರಿಗಳಿಗೂ ಇದೇ ಹಾಕೋದು, ಅವು ಚೆನ್ನಾಗಿವೆ. ನೀರು?”

“ನೀರಿಗೇನಾಗಿದೆ? ನೀವು ಹೇಳಿದ ಹಾಗೆ ಮಳೆ ನೀರೇ ಹಿಡಿದಿದ್ದು. ಒಗೆದ ಪಂಚೆ ಕಟ್ಟಿ ಸೋಸಿದ್ದೀನಿ. ನೆಲಕ್ಕೆ ತಾಗಿಸಿಲ್ಲ, ಎಂಜಲು ಮುಸುರೆ ಸೋಕಿಸಿಲ್ಲ. ಮಡಿಯಲ್ಲಿ ದೇವರ ತಾಮ್ರದ ಬಿಂದಿಗೆಗೆ ತುಂಬಿ, ಮೊದಲ ಮಳೆಯಿಂದ ಹಾಗೇ ಇಟ್ಟು...”

ಕಡಗೋಲು ನಿಂತಿತು. ಅವಳು ಮುಂದಿದ್ದ ಮಜ್ಜಿಗೆ ನೋಡಿದಳು, ಮಜ್ಜಿಗೆಯ ಮಣ್ಣಿನ ಗಡಿಗೆ ನೋಡಿದಳು. ಹುಳಿಯನ್ನು ತಾಮ್ರಕ್ಕೆ ಸೋಕಿಸಬಾರದು, ಕಿಲುಬು ಬಿಡುತ್ತದೆ ಎಂದು ತಾಯಿ ಕಲಿಸಿದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮಳೆನೀರು ಹುಳಿಯಲ್ಲವಲ್ಲ. ಒಳ್ಳೆಯ ನೀರಿಗೆ ತಾಮ್ರಕ್ಕಿಂತ ಒಳ್ಳೆಯ ಪಾತ್ರೆ ಆ ಮನೆತನದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇಬ್ಬರೂ ಬಿಂದಿಗೆ ಬಗ್ಗಿಸಿ ನೋಡಿದರು. ತಳದಲ್ಲಿ ತೆಳ್ಳಗೆ ಹಸಿರು ಕಿಲುಬು ಕಟ್ಟಿತ್ತು.

“ಇಷ್ಟೇ ಇಷ್ಟು ತಾಮ್ರ ಒಳಗೆ ಹೋದ್ರೂ ಸಾಕು” ಎಂದ ಜನಾರ್ದನ, “ಹೊರಗೆ ಒಂದೂ ವೈರಿಲ್ಲದೆ ಬ್ಯಾಟರಿ ತನ್ನನ್ನು ತಾನೇ ತಿಂದ್ಕೊಳ್ಳತ್ತೆ. ಎರಡು ತಿಂಗಳಿಂದ ನಾನು ವೈರು ಬಿಚ್ತಾ ಕೂತಿದ್ದೀನಲ್ಲೇ!”

“ನೀವು ನೀರು ಹೇಳಿದ್ರಿ. ಪಾತ್ರೆ ಹೇಳಲಿಲ್ಲ.”

“ಹೇಳಲಿಲ್ಲ. ನಂದೇ ತಪ್ಪು. ಬಿಡು.”

ಅವಳಿಗೆ ಸಿಟ್ಟೂ ಬರಲಿಲ್ಲ, ಸಮಾಧಾನವೂ ಆಗಲಿಲ್ಲ. ಎಲ್ಲಾದರೂ ಒಂದು ಗಳಿಗೆ ಅಡ್ಡಾಗಿದ್ದರೆ ಸಾಕಿತ್ತು.

ಜನಾರ್ದನ ಶಿವಮೊಗ್ಗೆಗೆ ಹೋಗಿ ಹೊಸ ಆಸಿಡ್ಡು ತಂದ. ವೇದಾವತಿ ಉಪ್ಪಿನಕಾಯಿಯ ದೊಡ್ಡ ಪಿಂಗಾಣಿ ಜಾಡಿಯನ್ನು ಖಾಲಿ ಮಾಡಿ, ಸೀಗೆಪುಡಿ ಹಾಕಿ ತೊಳೆದು, ಬಿಸಿಲಿಗಿಟ್ಟು, ಮುಂದಿನ ಮಳೆಗೆ ನೀರು ಹಿಡಿದಳು. ಬ್ಯಾಟರಿಯನ್ನು ಆ ನೀರಿನಲ್ಲೇ ಮತ್ತೆ ಮತ್ತೆ ಕುಲುಕಿ ತೊಳೆದು, ಹೊಸದಾಗಿ ತುಂಬಿಸಿದರು. ಮಾರನೆಯ ಬೆಳಿಗ್ಗೆ ಮುಳ್ಳು ಕೂದಲೆಳೆಯಷ್ಟು ಇಳಿದಿತ್ತು, ಅಷ್ಟೆ.

ಮಹಾರಾಜರ ವರ್ಧಂತಿಯ ರಜೆಯ ದಿನ ಕಾರು ತಳ್ಳಿಸಿಕೊಳ್ಳದೆ ಸ್ಟಾರ್ಟ್ ಆಯಿತು. “ನನ್ನ ಮುದ್ದೆ ಉಳೀತು!” ಎಂದು ಕರಿಯಣ್ಣ ಬೇಲಿಯಾಚೆ ಕೂಗಿದ. ವೇದಾವತಿ ಮಗಳನ್ನು ಎತ್ತಿ ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು. ಸೇತುವೆ ದಾಟುವಾಗ ಗಾಳಿ ಬೀಸಿ ಹುಡುಗಿಯ ಕೂದಲೆಲ್ಲ ಮುಖಕ್ಕೆ ಬಂತು. ಮಿಡಲ್ ಸ್ಕೂಲಿನ ಮುಚ್ಚಿದ ಗೇಟಿನ ಎದುರು ಜನಾರ್ದನ ಕಾರು ನಿಲ್ಲಿಸಿದ. ತಿಂಗಳುಗಳಾದ ಮೇಲೆ ಅವನ ಮುಖ ಅರಳಿತ್ತು.

“ನೋಡು ಮಗಳೇ, ಇಲ್ಲಿಗೇ ತಂದು ಬಿಡ್ತೀನಿ. ಬಾಗಿಲು ಅಗಲ ಮಾಡಿದ್ದೀನಿ, ಹಿಡಿಕೆ ಹಾಕಿದ್ದೀನಿ. ಕಾಲು ಚಾಚೋಕೆ ಎಷ್ಟು ಜಾಗ ಬಿಟ್ಟಿದ್ದೀನಿ ನೋಡಿದ್ಯಾ? ನೀನು ದೊಡ್ಡೋಳಾಗಿ ಕಾಲೇಜಿಗೆ ಹೋಗುವಾಗ್ಲೂ ಈ ಸೀಟು ಸಾಕಾಗತ್ತೆ.”

ಹುಡುಗಿ ಸೀಟಿನ ಮುಂದಿನ ಖಾಲಿ ಜಾಗವನ್ನು ನೋಡಿದಳು. ಅವಳ ಬಲಗಾಲು ಅದರ ಅರ್ಧಕ್ಕೂ ಮುಟ್ಟಿರಲಿಲ್ಲ. ಇಲ್ಲಿ ಒಲೆಯೂ ಇರಲಿಲ್ಲ, ಉಕ್ಕುವ ಹಾಲೂ ಇರಲಿಲ್ಲ. ವೇದಾವತಿ ಮಗಳ ಕೈ ಹಿಡಿದುಕೊಂಡು ಕಾದಳು.

“ಅಮ್ಮಾ,” ಎಂದಳು ಜಯಶೀಲಾ, “ಆಗ್ಲೂ ನಂಗೆ ನಡೆಯೋಕೆ ಬರೋಲ್ವಾ?”